ಕೈಗನ್ನಡಿ

ಅಂಗೈ ಹುಣ್ಣಿಗೆ ಕನ್ನಡಿ ಏಕೆ ಎಂದು ನಮ್ಮ ಹಿರಿಯರು ಕೇಳಿದರು. ಹುಣ್ಣಿಗೆ ಬೇಡವಿರಬಹುದು, ಆದರೆ ಅಂಗೈ ಮಾಡುವ ಕೆಲಸಕ್ಕೆ ಬೇಕೇ ಬೇಕು ಎಂದು ನಾನು ಈಚಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕಂಡುಕೊಂಡಿದ್ದೇನೆ. ಕೈ ಕೆಲಸದಲ್ಲಿ ತೊಡಗಿರುವಾಗ ಕಣ್ಣು ಕೆಲಸವನ್ನು ನೋಡುತ್ತದೆಯೇ ಹೊರತು ಕೈಯನ್ನು ನೋಡುವುದಿಲ್ಲ. ರೊಟ್ಟಿ ತಟ್ಟುವ ತಾಯಿಗೆ ರೊಟ್ಟಿಯ ಅಂಚು ಕಾಣುತ್ತದೆ, ತನ್ನ ಬೆರಳು ಕಾಣುವುದಿಲ್ಲ. ವೀಣೆ ನುಡಿಸುವವರಿಗೆ ಸ್ವರ ಕೇಳುತ್ತದೆ. ಪ್ರತಿಯೊಂದು ಗಮಕಕ್ಕೂ ತಾವು ತುಟಿ ಕಚ್ಚುತ್ತೇವೆ ಎಂಬ ಸಂಗತಿ ಮುಂದಿನ ಸಾಲಿನಲ್ಲಿ ಕುಳಿತವರಿಗೆ ಮಾತ್ರ ಗೊತ್ತು.

ನನ್ನ ಕಸುಬು ಕಣ್ಣಿನ ಪೊರೆ ತೆಗೆಯುವುದು; ಜೊತೆಗೆ, ಆ ಕೆಲಸ ಕಲಿಯಲು ಬಂದವರ ಪಕ್ಕದಲ್ಲಿ ಕುಳಿತು ಕಲಿಸುವುದು. ಈ ಎರಡನೆಯದು ಮೊದಲನೆಯದಕ್ಕಿಂತ ಹತ್ತು ಪಾಲು ಕಷ್ಟ. ನಮ್ಮ ಆಸ್ಪತ್ರೆಯಲ್ಲಿ, ಹಿಂದೆ ದುಪ್ಪಟಿ ದಿಂಬುಗಳನ್ನು ಒಟ್ಟುತ್ತಿದ್ದ ಒಂದು ಕೋಣೆಯಿದೆ. ಈಗ ಅಲ್ಲೊಂದು ದೊಡ್ಡ ಪರದೆ, ಐದಾರು ಕುರ್ಚಿ, ಕಾಫಿಯ ಫ್ಲಾಸ್ಕು. ಬೆಳಗ್ಗೆ ಮಕ್ಕಳು ಮಾಡಿದ ಆಪರೇಷನ್ನುಗಳು (ಇಪ್ಪತ್ತೆಂಟು ವರ್ಷದವರನ್ನು ಮಕ್ಕಳೆನ್ನುವುದು ಮೇಷ್ಟರ ಚಾಳಿ, ಓದುಗರು ಕ್ಷಮಿಸಬೇಕು) ಸೂಕ್ಷ್ಮದರ್ಶಕಕ್ಕೆ ಜೋಡಿಸಿದ ಕ್ಯಾಮೆರಾದಲ್ಲಿ ಅಚ್ಚಾಗಿರುತ್ತವೆ. ಮಧ್ಯಾಹ್ನ ಊಟ ಮುಗಿಸಿ ಅವನ್ನು ಒಂದೊಂದಾಗಿ ನೋಡುತ್ತೇವೆ. ನಿಜದಲ್ಲಿ ಅರ್ಧ ಅಂಗುಲವೂ ಇಲ್ಲದ ಕಣ್ಣಿನ ಕರಿಯಾಲಿ ಅಲ್ಲಿ ಊಟದ ತಟ್ಟೆಗಿಂತ ದೊಡ್ಡದಾಗಿ ಕಾಣುತ್ತದೆ. ಅದರೊಳಗೆ ಎರಡು ಸಲಾಕೆಗಳು ಓಡಾಡುತ್ತಿರುತ್ತವೆ. ಪಳಗಿದ ಕೈ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಸುವ ಕೆಲಸ ಹೊಸ ಕೈಗೆ ನಲವತ್ತು ನಿಮಿಷ. ಆ ನಲವತ್ತು ನಿಮಿಷಗಳನ್ನು ಪರದೆಯ ಮೇಲೆ ನೋಡಿ ಮಾತಾಡಿ ಮುಗಿಸಲು ಒಂದೂವರೆ ಗಂಟೆ ಬೇಕು.

ಅಷ್ಟೊಂದು ಮಾತು ಥಿಯೇಟರಿನಲ್ಲೇ ಆಡಬಾರದೆ ಎಂದು ಕೇಳಬಹುದು. ಆಡಲಾಗದು. ಪೊರೆಯ ರೋಗಿ ಎಚ್ಚರವಾಗಿರುತ್ತಾನೆ. ಕಣ್ಣಿಗಷ್ಟೇ ಮರಗಟ್ಟಿಸುವ ಔಷಧ ಹಾಕಿರುತ್ತೇವೆ. ಕಿವಿ ಎಂದಿಗಿಂತ ಚುರುಕಾಗಿರುತ್ತದೆ. “ಅಲ್ಲಲ್ಲ, ಅಲ್ಲಿ ಮುಟ್ಟಬೇಡ!” ಎಂದು ಮೇಷ್ಟರು ಕೂಗಿದರೆ ಮೇಜಿನ ಮೇಲಿರುವ ಜೀವದ ಗತಿಯೇನು? ಅದಕ್ಕಾಗಿ ನಮ್ಮಲ್ಲಿ ಒಂದು ಗುಪ್ತ ಭಾಷೆ ಬೆಳೆದಿದೆ. ನನಗೆ ಕಲಿಸಿದ ಹಿರಿಯರೊಬ್ಬರು ಎಲ್ಲವನ್ನೂ “ಚೆನ್ನಾಗಿದೆ” ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದರು. ಒಂದು ಸಲ ಚೆನ್ನಾಗಿದೆ ಎಂದರೆ ಚೆನ್ನಾಗಿದೆ. ಎರಡು ಸಲ ಎಂದರೆ ನಿಧಾನ. ಮೂರು ಸಲ ಎಂದರೆ ಕೈ ತೆಗೆ. “ನಾನೂ ಸ್ವಲ್ಪ ನೋಡಲೇನಪ್ಪ?” ಎಂದರೆ ಸ್ಟೂಲು ಬಿಟ್ಟು ಏಳು ಎಂದರ್ಥ. ಕುಣಿಗಲ್ ಕಡೆಯ ಮುದುಕರೊಬ್ಬರು ಒಮ್ಮೆ ಬಟ್ಟೆಯ ಕೆಳಗಿನಿಂದಲೇ ಕೇಳಿಬಿಟ್ಟರು: “ಚೆನ್ನಾಗೈತೆ ಅಂತ ಇಷ್ಟು ಸಲ ಯಾಕ್ ಯೋಳ್ತೀರಿ ಸ್ವಾಮಿ, ಕೆಟ್ಟೋಗೈತಾ?”

ಹೀಗೆ ಬೆಳಗ್ಗೆ ನುಂಗಿಕೊಂಡ ಮಾತೆಲ್ಲ ಮಧ್ಯಾಹ್ನ ಪರದೆಯ ಮುಂದೆ ಹೊರಬರುತ್ತದೆ. ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು, ನಿಧಾನ ಮಾಡಬಹುದು. ಈ ‘ಹಿಂದಕ್ಕೆ’ ಎಂಬುದರಲ್ಲಿಯೇ ಎಲ್ಲವೂ ಇದೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಸ್ವಲ್ಪ ಕಸುಬಿನ ಮಾತು ಸೇರುತ್ತದೆ, ತಾಳ್ಮೆಯಿಂದ ಕೇಳಬೇಕು.

ಕಣ್ಣೊಳಗಿನ ಮಸೂರ ಒಂದು ಪಾರದರ್ಶಕ ಚೀಲದೊಳಗಿರುತ್ತದೆ. ಮಸೂರ ಮಂಜಾದಾಗ ಚೀಲದ ಮುಂಬದಿಯಲ್ಲಿ ಸುಮಾರು ಐದು ಮಿಲಿಮೀಟರ್ ಅಗಲದ ದುಂಡು ಕಿಂಡಿ ತೆರೆದು, ಒಳಗಿನದನ್ನು ಪುಡಿಮಾಡಿ ಹೀರಿ, ಖಾಲಿ ಚೀಲದಲ್ಲಿ ಹೊಸ ಮಸೂರ ಕೂರಿಸುತ್ತೇವೆ. ಚೀಲದ ಹಿಂಬದಿ ಉಳಿಯಬೇಕು. ಅದರ ದಪ್ಪ ನಡುವಿನಲ್ಲಿ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ನಾಲ್ಕು ಭಾಗದಷ್ಟು. ಈರುಳ್ಳಿಯ ಒಳಪೊರೆ ಅದರ ಮುಂದೆ ಕಂಬಳಿ. ಅದು ಹರಿದರೆ ಹಿಂದಿರುವ ಲೋಳೆ ಮುಂದಕ್ಕೆ ನುಗ್ಗುತ್ತದೆ. ಕಲಿಯುವವರ ಜೀವ ಹಾರುವ ಗಳಿಗೆ ಅದು.

ಮಲೆನಾಡಿನ ಕಡೆಯ ಹುಡುಗಿಯೊಬ್ಬಳು ನಮ್ಮಲ್ಲಿ ಕಲಿಯುತ್ತಿದ್ದಳು. ಮಾತು ಕಡಿಮೆ, ಕೈ ಮೃದು. ಒಂದು ದಿನ ಅವಳ ಕೈಯಲ್ಲಿ ಈ ಹಿಂಬದಿ ಹರಿಯಿತು. ಪಕ್ಕದಲ್ಲಿದ್ದ ನಾನು ಸ್ಟೂಲು ತೆಗೆದುಕೊಂಡು, ಮುಂದೆ ಬಂದ ಲೋಳೆಯನ್ನು ಕತ್ತರಿಸಿ ತೆಗೆದು, ಮಸೂರವನ್ನು ಚೀಲದ ಮೇಲ್ಗಡೆ ಕೂರಿಸಿದೆ. ಅಜ್ಜಿಗೆ ಇರುವ ವಿಷಯ ಹೇಳಿದೆವು. ಒಂದೂವರೆ ತಿಂಗಳಲ್ಲಿ ಅವರು ಅಕ್ಕಿಯಲ್ಲಿ ಕಲ್ಲು ಆರಿಸುವಷ್ಟು ಕಣ್ಣು ಬಂತು. ಹುಡುಗಿ ಮಾತ್ರ ಮೂರು ದಿನ ಊಟ ಬಿಟ್ಟಳು ಎಂದು ಅವಳ ಗೆಳತಿಯರಿಂದ ತಿಳಿಯಿತು.

ನಾಲ್ಕನೆಯ ದಿನ ಚಿತ್ರ ಹಾಕಿದೆವು. ಹರಿದದ್ದು 22ನೆಯ ನಿಮಿಷದಲ್ಲಿ. “ಇಲ್ಲೇ ಸರ್, ಇಲ್ಲೇ ನನ್ನ ಕೈ ತಪ್ಪಿದ್ದು” ಎಂದು ಅವಳು ಪರದೆ ಮುಟ್ಟಿ ತೋರಿಸಿದಳು. ಅಂಚಿನಲ್ಲಿ ಉಳಿದಿದ್ದ ಚೂರನ್ನು ಹೀರಲು ಹೋದಾಗ ಸಲಾಕೆಯ ಬಾಯಿಗೆ ಚೀಲವೇ ಸಿಕ್ಕಿತ್ತು. ನಿಜವೆ. ಆದರೆ ಏಕೆ ಸಿಕ್ಕಿತು? ಚಿತ್ರವನ್ನು ಹಿಂದಕ್ಕೆ ತಿರುಗಿಸಿದೆವು. 20ನೆಯ ನಿಮಿಷದಲ್ಲಿ ಕಣ್ಣಿನ ಮೇಲ್ಮೈ ಸುಕ್ಕುಗಟ್ಟಿ ಒಳಗಿನದು ಮಸುಕಾಗಿ ಕಾಣುತ್ತಿತ್ತು. ಏಕೆ ಸುಕ್ಕು? ಇನ್ನೂ ಹಿಂದಕ್ಕೆ. ಸಲಾಕೆಯನ್ನು ಅವಳು ನೆಟ್ಟಗೆ ಹಿಡಿದು ತೂರಿಸಬೇಕಾಗಿತ್ತು. ಏಕೆ? ಇನ್ನೂ ಹಿಂದಕ್ಕೆ ಹೋಗಿ 2ನೆಯ ನಿಮಿಷಕ್ಕೆ ಬಂದೆವು. ಅಲ್ಲಿ ಕಣ್ಣೊಳಕ್ಕೆ ದಾರಿ ಮಾಡುವ ಮೊದಲ ಗಾಯ. ಆ ಸುರಂಗವನ್ನು ಅವಳು ಬೇಕಾದ್ದಕ್ಕಿಂತ ತುಸು ಉದ್ದಕ್ಕೆ ಕೊರೆದಿದ್ದಳು. ಉದ್ದ ಸುರಂಗದೊಳಗೆ ಸಲಾಕೆ ಇಕ್ಕಟ್ಟಿಗೆ ಸಿಕ್ಕುತ್ತದೆ; ತಿರುಗಿಸಿದರೆ ಕಣ್ಣಿನ ಗಾಜೇ ಮಡಿಚಿಕೊಳ್ಳುತ್ತದೆ; ಗಾಯದ ಬುಡದಲ್ಲೇ ಇರುವ ಚೂರಂತೂ ನಿಲುಕುವುದೇ ಇಲ್ಲ. ಇಪ್ಪತ್ತು ನಿಮಿಷ ಆ ಹುಡುಗಿ ತಾನೇ ಕಟ್ಟಿಕೊಂಡ ಗೋಡೆಯೊಂದಿಗೆ ಗುದ್ದಾಡಿದ್ದಳು. 22ನೆಯ ನಿಮಿಷದಲ್ಲಿ ಗೋಡೆ ಗೆದ್ದಿತು.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಾಗಾದರೆ ನನ್ನ ಕೈ ನಡುಗುತ್ತದೆ ಅಂತಲ್ಲವಾ ಸರ್?” ಎಂದಳು. ಮೂರು ದಿನವೂ ಅವಳು ಅದನ್ನೇ ನಂಬಿ ಕುಳಿತಿದ್ದಳು: ತನ್ನದು ಈ ಕಸುಬಿಗೆ ಹುಟ್ಟಿದ ಕೈಯಲ್ಲವೆಂದು. ಬಾಯಿಮಾತಿನಲ್ಲಿ ನಾನು ಎಷ್ಟು ಸಮಾಧಾನ ಹೇಳಿದ್ದರೂ ಆ ನಂಬಿಕೆ ಹೋಗುತ್ತಿರಲಿಲ್ಲ. “ಸುರಂಗ ಅರ್ಧ ಮಿಲಿಮೀಟರ್ ಗಿಡ್ಡ ಮಾಡಮ್ಮ” ಎಂಬುದು ಕಲಿಯಬಹುದಾದ ವಿಷಯ.

ಕೈಗೆ ಅಭ್ಯಾಸ ಬೇಕೆಂಬುದು ಹಳೆಯ ತಿಳಿವಳಿಕೆ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೇ ಇದೆ; ಯೋಗ್ಯಾ ಎಂದರೆ ಇಲ್ಲಿ ಅಭ್ಯಾಸ. ಕತ್ತರಿಸುವುದನ್ನು ಕುಂಬಳ ಸೋರೆ ಸೌತೆಗಳ ಮೇಲೆ, ಸೀಳುವುದನ್ನು ನೀರು ಕೆಸರು ತುಂಬಿದ ತೊಗಲ ಚೀಲದ ಮೇಲೆ, ಕೆರೆಯುವುದನ್ನು ಕೂದಲುಳ್ಳ ಚರ್ಮದ ಮೇಲೆ, ಚುಚ್ಚುವುದನ್ನು ತಾವರೆಯ ದಂಟಿನ ಮೇಲೆ ಮೊದಲು ಮಾಡಿಸಬೇಕೆಂದು ಅಲ್ಲಿ ಹೇಳಿದೆ. ಎಷ್ಟು ಓದಿದವನಾದರೂ ಈ ಅಭ್ಯಾಸವಿಲ್ಲದೆ ಕೆಲಸಕ್ಕೆ ಯೋಗ್ಯನಾಗಲಾರ ಎಂಬುದು ಅದರ ಅಭಿಪ್ರಾಯ. ನಮ್ಮ ಮಕ್ಕಳು ಈಗ ಕಸಾಯಿಖಾನೆಯಿಂದ ತಂದ ಮೇಕೆಯ ಕಣ್ಣಿನ ಮೇಲೆ ಕೈ ಪಳಗಿಸುತ್ತಾರೆ. ಕುಂಬಳಕಾಯಿಗೂ ಮೇಕೆಯ ಕಣ್ಣಿಗೂ ಒಂದು ಗುಣವಿದೆ: ಮಾಡಿದ ಗಾಯ ಹಾಗೆಯೇ ಉಳಿದು, ಗುರು ಸಾವಕಾಶವಾಗಿ ಬಂದು ನೋಡಬಹುದು. ಬದುಕಿರುವವರ ಮೇಲೆ ಮಾಡಿದ್ದು ಹಾಗಲ್ಲ. ಕೊನೆಯ ಸ್ಥಿತಿ ಉಳಿಯುತ್ತದೆ, ಅಲ್ಲಿಗೆ ಬಂದ ದಾರಿ ಅಳಿಸಿಹೋಗುತ್ತದೆ.

ಆ ದಾರಿಯನ್ನು ಹಿಡಿದಿಡಬೇಕೆಂದು ಮೊದಲು ಹಟ ತೊಟ್ಟವರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಯೂಜೀನ್ ದುವಾಯೆಂ ಒಬ್ಬ. ಸಿನಿಮಾ ಹುಟ್ಟಿ ಮೂರು ವರ್ಷವೂ ತುಂಬಿರಲಿಲ್ಲ. 1898ರಲ್ಲಿಯೇ ಅವನು ತನ್ನ ಶಸ್ತ್ರಕ್ರಿಯೆಗಳ ಚಿತ್ರ ತೆಗೆಸಿ, ಎಡಿನ್‌ಬರೋದಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘದ ಸಭೆಗೆ ತೋರಿಸಿದ. ತನ್ನನ್ನು ತಾನು ಪರದೆಯ ಮೇಲೆ ನೋಡಿದ ಮೇಲೆಯೇ ತನ್ನ ಕೈಯ ಕುಂದುಗಳು ಕಂಡು, ತಿದ್ದಿಕೊಂಡೆನೆಂದು ಅವನೇ ಹೇಳಿಕೊಂಡಿದ್ದಾನೆ. ಜಂಭದ ಮನುಷ್ಯನೆಂದು ಅವನಿಗೆ ಹೆಸರು. ಆ ಜಂಭದವನ ಬಾಯಲ್ಲಿ ಈ ಮಾತು ಬಂತೆಂಬುದಕ್ಕೇ ಅದಕ್ಕೆ ಬೆಲೆ.

ಆದರೆ ದುವಾಯೆಂ ಕಥೆಗೆ ಇನ್ನೊಂದು ಮುಖವಿದೆ. ಅದನ್ನು ನಮ್ಮ ಮಕ್ಕಳಿಗೆ ನಾನು ತಪ್ಪದೆ ಹೇಳುತ್ತೇನೆ. ಒರಿಸ್ಸಾದಲ್ಲಿ ಮೈ ಅಂಟಿಕೊಂಡು ಹುಟ್ಟಿದ ಅವಳಿ ಹುಡುಗಿಯರು, ಯೂರೋಪಿನ ಪತ್ರಿಕೆಗಳು ರಾಡಿಕಾ ಮತ್ತು ಡೂಡಿಕಾ ಎಂದು ಕರೆದವರು, ಸರ್ಕಸ್ಸಿನ ಪ್ರದರ್ಶನದ ವಸ್ತುಗಳಾಗಿ ಊರೂರು ತಿರುಗಿ ಪ್ಯಾರಿಸ್ಸಿಗೆ ಬಂದಿದ್ದರು. ಡೂಡಿಕಾಗೆ ಕ್ಷಯ ತಗಲಿತು. 1902ರಲ್ಲಿ ದುವಾಯೆಂ ಅವರನ್ನು ಬೇರ್ಪಡಿಸಿದ; ಕ್ಯಾಮೆರಾ ತಿರುಗುತ್ತಿತ್ತು. ಡೂಡಿಕಾ ಕೆಲವೇ ದಿನಗಳಲ್ಲಿ ತೀರಿಕೊಂಡಳು, ರಾಡಿಕಾ ಮರುವರ್ಷ. ಚಿತ್ರ ಮಾತ್ರ ಸಾಯಲಿಲ್ಲ. ಚಿತ್ರ ತೆಗೆದ ಪಾರ್ನಲಾಂ ಎಂಬವನು ಅದರ ಪ್ರತಿಗಳನ್ನು ಮಾರಿಕೊಂಡ; ಜಾತ್ರೆಯ ಡೇರೆಗಳಲ್ಲಿ ಕಾಸು ಕೊಟ್ಟವರೆಲ್ಲ ಅದನ್ನು ನೋಡಿದರು. ದುವಾಯೆಂ ನ್ಯಾಯಾಲಯಕ್ಕೆ ಹೋಗಿ 1905ರಲ್ಲಿ ಗೆದ್ದ. ಮೊಕದ್ದಮೆ ನಡೆದದ್ದು ವೈದ್ಯನಿಗೂ ಚಿತ್ರ ತೆಗೆದವನಿಗೂ. ಆ ಚಿತ್ರ ಹುಡುಗಿಯರದೂ ಆಗಿರಬಹುದೆಂದು ಹೇಳಲು ಆ ಹೊತ್ತಿಗೆ ಇಬ್ಬರೂ ಬದುಕಿರಲಿಲ್ಲ.

ನಮ್ಮ ಚಿತ್ರಗಳಲ್ಲಿ ಮುಖವಿಲ್ಲ, ಕಣ್ಣು ಮಾತ್ರ, ಹೆಸರಿಲ್ಲ. ಒಪ್ಪಿಗೆಯ ಕಾಗದಕ್ಕೆ ರುಜು ಹಾಕಿಸಿಕೊಳ್ಳುತ್ತೇವೆ. ಆದರೂ ಚಿತ್ರವನ್ನು ಯಾರಾದರೂ ಕಿಸೆಯಲ್ಲಿ ಹಾಕಿಕೊಂಡು ಹೊರಟರೆ ನನಗೆ ಒರಿಸ್ಸಾದ ಆ ಮಕ್ಕಳ ನೆನಪಾಗುತ್ತದೆ.

ಇನ್ನು ಅಂಕದ ವಿಚಾರ. ನೋಡಿ ತಿದ್ದುವುದು ಒಂದು, ನೋಡಿ ತೂಗುವುದು ಇನ್ನೊಂದು. ತೂಗುವುದರಲ್ಲಿ ಸತ್ಯವಿದೆಯೇ ಎಂಬ ಪ್ರಶ್ನೆಗೆ 2013ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಿಂದ ಒಂದು ಉತ್ತರ ಬಂತು. ಜಾನ್ ಬರ್ಕ್‌ಮೈಯರ್ ಮತ್ತು ಸಂಗಡಿಗರು, ಅತಿ ಬೊಜ್ಜಿಗೆ ಜಠರದ ಶಸ್ತ್ರಕ್ರಿಯೆ ಮಾಡುವ 20 ಮಂದಿ ವೈದ್ಯರಿಂದ ತಲಾ ಒಂದು ಚಿತ್ರ ತರಿಸಿದರು. ಕಲಿಯುವವರಲ್ಲ, ಪಳಗಿದವರೇ. ಯಾರ ಚಿತ್ರವೆಂದು ತಿಳಿಸದೆ ಪ್ರತಿಯೊಂದನ್ನೂ ಕಡಮೆಯೆಂದರೆ ಹತ್ತು ಮಂದಿ ಸಹವೈದ್ಯರಿಗೆ ತೋರಿಸಿ, 1ರಿಂದ 5ರವರೆಗೆ ಅಂಕ ಕೊಡಿಸಿದರು. ಅಂಕಗಳು 2.6ರಿಂದ 4.8ರವರೆಗೆ ಹರಡಿದವು. ಆಮೇಲೆ ಅವರವರ ರೋಗಿಗಳ ಲೆಕ್ಕ ತೆಗೆದರೆ, ಕೆಳಗಿನ ಕಾಲುಭಾಗದ ವೈದ್ಯರ ಕೈಯಲ್ಲಿ ನೂರಕ್ಕೆ 14.5 ಮಂದಿಗೆ ತೊಡಕುಗಳಾಗಿದ್ದವು. ಮೇಲಿನ ಕಾಲುಭಾಗದವರಲ್ಲಿ 5.2. ಇದರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೊಂದು. ಆ ಚಿತ್ರಗಳನ್ನು ವೈದ್ಯರು ತಾವೇ ಆರಿಸಿ ಕಳಿಸಿದ್ದರು! ಯಾರು ತಾನೇ ತಮ್ಮ ಕೆಟ್ಟ ದಿನವನ್ನು ಆರಿಸಿ ಕಳಿಸುತ್ತಾರೆ? ಅಚ್ಚುಕಟ್ಟಾಗಿ ಬಟ್ಟೆ ಹಾಕಿಕೊಂಡು ನಿಂತಾಗಲೂ ಕೈಯ ಗುಣ ಬಚ್ಚಿಟ್ಟುಕೊಳ್ಳಲಿಲ್ಲ. ಕೈಯೇ ಎಲ್ಲವೂ ಎನ್ನುವಂತಿಲ್ಲ. 2016ರಲ್ಲಿ ಬಂದ ಮುಂದಿನ ಲೆಕ್ಕದಲ್ಲಿ, ಒಂದು ವರ್ಷದ ನಂತರ ರೋಗಿಗಳು ತೂಕ ಇಳಿಸಿಕೊಂಡದ್ದರಲ್ಲಿ ಒಳ್ಳೆಯ ಕೈಗೂ ಸಾಧಾರಣ ಕೈಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ನಮ್ಮ ಕಣ್ಣಿನ ಕಸುಬಿಗೂ ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿಯವರು ಮಾಡಿದ ಒಂದು ಪಟ್ಟಿಯಿದೆ. ಇಪ್ಪತ್ತು ಅಂಶ, ಒಂದೊಂದಕ್ಕೂ ಹೊಸಬನಿಂದ ಸಮರ್ಥನವರೆಗೆ ನಾಲ್ಕು ಮೆಟ್ಟಿಲು. ಯಾವ ಮೆಟ್ಟಿಲಿನಲ್ಲಿ ಕೈ ಹೇಗಿರುತ್ತದೆಂದು ಮಾತಿನಲ್ಲಿ ಬಿಡಿಸಿ ಬರೆದಿದೆ. ನನಗೆ ಆ ಪಟ್ಟಿಯ ಮೇಲೆ ಗೌರವವಿದೆ. ನಾನು ಕಲಿಯುತ್ತಿದ್ದ ಕಾಲದಲ್ಲಿ ತೀರ್ಪೆಂದರೆ “ಹುಡುಗನ ಕೈ ಚೆನ್ನಾಗಿದೆ” ಎಂಬ ಒಂದು ವಾಕ್ಯ. ಆ ವಾಕ್ಯದೊಳಗೆ ಹುಡುಗನ ಊರು, ಮನೆತನ, ಅವನು ಬಾಗಿ ನಮಸ್ಕಾರ ಮಾಡುವ ರೀತಿ, ಇನ್ನೂ ಏನೇನು ಸೇರಿಕೊಂಡಿರುತ್ತಿತ್ತೋ ದೇವರೇ ಬಲ್ಲ. ಹುಡುಗಿಯರ ಕೈ ಚೆನ್ನಾಗಿದೆಯೆಂದು ಹೇಳಿದ್ದನ್ನಂತೂ ನಾನು ಕೇಳಿದ್ದು ಅಪರೂಪ. ಪರದೆಯ ಮೇಲಿನ ಚಿಮುಟಕ್ಕೆ ಜಾತಿಯಿಲ್ಲ, ಅದು ಬಳೆ ತೊಟ್ಟಿಲ್ಲ, ಯಾರ ಮಗಳೆಂದು ಹೇಳುವುದಿಲ್ಲ.

ಇಷ್ಟು ಒಪ್ಪಿದ ಮೇಲೂ, ನಮ್ಮ ದುಪ್ಪಟಿ ಕೋಣೆಗೆ ಅಂಕಪಟ್ಟಿ ಬಂದ ವರ್ಷ ಏನಾಯಿತೆಂದು ಹೇಳಬೇಕು. ಮಧ್ಯಾಹ್ನದ ಚಿತ್ರಗಳಿಗೇ ಅಂಕ ಹಾಕಿ, ವರ್ಷದ ಕೊನೆಯ ತೀರ್ಪಿಗೆ ಸೇರಿಸಬೇಕೆಂದು ನಿರ್ಧಾರವಾಯಿತು. ಒಂದು ತಿಂಗಳೊಳಗೆ ಕೋಣೆಯ ಗಾಳಿಯೇ ಬದಲಾಯಿತು. ಮೊದಲು “ಇಲ್ಲಿ ನಿಲ್ಲಿಸಿ ಸರ್, ಇಲ್ಲಿ ನಾನೇನು ಮಾಡಿದೆ ನನಗೇ ತಿಳಿಯಲಿಲ್ಲ” ಎನ್ನುತ್ತಿದ್ದವರು ಕೈಕಟ್ಟಿ ಕುಳಿತರು. ಸಲೀಸಾದ ಆಪರೇಷನ್ನಿನ ಚಿತ್ರಗಳು ಸಾಲಾಗಿ ಬಂದವು. ತೊಡಕಾದ ದಿನ ಮಾತ್ರ ಏನೋ ಮಾಯೆ: “ರೆಕಾರ್ಡ್ ಒತ್ತಲು ಮರೆತೆ ಸರ್”, “ಡಿಸ್ಕ್ ತುಂಬಿತ್ತು ಸರ್”. ಒಬ್ಬನಂತೂ, ಗಟ್ಟಿ ಪೊರೆಯ ರೋಗಿ ತನ್ನ ಪಾಲಿಗೆ ಬಂದಾಗಲೆಲ್ಲ ಬೇರೆಯವರಿಗೆ ಬಿಟ್ಟುಕೊಡುವ ಔದಾರ್ಯ ಬೆಳೆಸಿಕೊಂಡ. ಚಿತ್ರಗಳು ಅಂದವಾದವು, ಕಲಿಕೆ ನಿಂತಿತು.

ನಾನು ವಿಭಾಗದ ಸಭೆಯಲ್ಲಿ ವಾದ ಹೂಡಿದೆ. ತಿದ್ದುವ ಚಿತ್ರ ಬೇರೆ ಇರಲಿ, ತೂಗುವ ಚಿತ್ರ ಬೇರೆ ಇರಲಿ. ಮಧ್ಯಾಹ್ನದವು ಅಂಕವಿಲ್ಲದವು, ತಿಂಗಳಾದ ಮೇಲೆ ಅಳಿಸಬೇಕಾದವು. ತೂಗುವುದಕ್ಕೆ ವರ್ಷದಲ್ಲಿ ನಾಲ್ಕು ದಿನ ಗೊತ್ತುಮಾಡಿ, ಆ ದಿನದ್ದನ್ನು ಕತ್ತರಿ ಹಾಕದೆ, ಹೆಸರು ತೆಗೆದು, ಹೊರಗಿನವರಿಗೆ ಕಳಿಸೋಣ. ಜಪಾನಿನ ಎಂಡೋಸ್ಕೋಪಿ ಶಸ್ತ್ರವೈದ್ಯರ ಸಂಘ 2004ರಿಂದ ಹೀಗೆಯೇ ಕತ್ತರಿ ಹಾಕದ ಚಿತ್ರ ತರಿಸಿ, ಹೆಸರು ತಿಳಿಯದ ಪರೀಕ್ಷಕರಿಂದ ತೂಗಿಸುತ್ತ ಬಂದಿದೆ ಎಂದೆ. ನನಗಿಂತ ಕಿರಿಯರಾದ ಸಹೋದ್ಯೋಗಿಯೊಬ್ಬರು ಎದ್ದು ನಿಂತು, “ಎಲ್ಲ ಸರಿ. ಚಿತ್ರದಲ್ಲಿ ಅಪಾಯ ಕಾಣುತ್ತಿದ್ದರೂ ಅದನ್ನು ಎಲ್ಲೂ ಬರೆಯದೆ ಅಳಿಸಿಬಿಟ್ಟರೆ, ನಾಳೆ ಅದೇ ಕೈಗೆ ಕಣ್ಣು ಕೊಡುವ ರೋಗಿಗೆ ನೀವೇನು ಉತ್ತರ ಹೇಳುತ್ತೀರಿ?” ಎಂದರು. ಸಭೆ ಸುಮ್ಮನಾಯಿತು. ಅದು ತಳ್ಳಿಹಾಕುವ ಪ್ರಶ್ನೆಯಲ್ಲ. ತೊಡಕುಗಳೆಲ್ಲ ರೋಗಿಯ ಕೇಸ್ ಷೀಟಿನಲ್ಲಿ ಹೇಗೂ ಇರುತ್ತವೆ, ರೋಗಿಗೂ ಹೇಳಿರುತ್ತೇವೆ, ಕೈ ಸಾಲದವರ ಪಕ್ಕದಲ್ಲಿ ನಾವೇ ಕುಳಿತಿರುತ್ತೇವೆ ಎಂದು ನಾನು ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೂ ನಿಯಮ ಬದಲಾಯಿತು, ಕೈಯೆತ್ತುವ ಲೆಕ್ಕದಲ್ಲಿ ಎರಡೇ ಮತಗಳ ಅಂತರದಿಂದ. ಮುಂದಿನ ತಿಂಗಳು ಕೆಟ್ಟ ಚಿತ್ರಗಳು ಮತ್ತೆ ಬರತೊಡಗಿದವು. ನನಗೆ ಹೋದ ಜೀವ ಬಂದಂತಾಯಿತು.

ಕ್ಯಾಮೆರಾ ಎಲ್ಲವನ್ನೂ ನೋಡುತ್ತದೆಂದು ಮಾತ್ರ ಯಾರೂ ತಿಳಿಯಬಾರದು. ಬಾಸ್ಟನ್ನಿನ ಶಸ್ತ್ರವೈದ್ಯ ಅತುಲ್ ಗವಾಂಡೆ 2011ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಒಂದು ಲೇಖನ ಬರೆದರು. ತಮ್ಮ ಏಳಿಗೆ ನಿಂತಿದೆ ಅನ್ನಿಸಿದಾಗ ಅವರು ತಮ್ಮ ಹಳೆಯ ಗುರು, ನಿವೃತ್ತರಾದ ರಾಬರ್ಟ್ ಆಸ್ಟೀನ್ ಅವರನ್ನು ಥಿಯೇಟರಿನಲ್ಲಿ ಸುಮ್ಮನೆ ನಿಂತು ನೋಡಲು ಕರೆದರಂತೆ. ಮುದುಕರು ಕಂಡದ್ದೇನು? ದೀಪ ಗಾಯದಿಂದ ಆಚೆ ಜರುಗಿತ್ತು, ಆಗಾಗ ಮೊಣಕೈ ಮೇಲೇಳುತ್ತಿತ್ತು. ಗಾಯದೊಳಗೆ ಇಣುಕುವ ಕ್ಯಾಮೆರಾ ಮೊಣಕೈಯನ್ನು ಎಲ್ಲಿ ಕಾಣಬೇಕು? ನಮ್ಮ ಚಿತ್ರದಲ್ಲಿಯೂ ಕಣ್ಣೊಂದೇ. ಕಲಿಯುವವರ ಹೆಗಲು ಕಿವಿಯವರೆಗೆ ಏರಿರುವುದು, ಉಸಿರು ಬಿಗಿಹಿಡಿದಿರುವುದು ಕಾಣುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ಕಾಣುವುದಿಲ್ಲ.

ಪೊರೆ ತೆಗೆಯುವುದು ಅರ್ಧ ಕೈಯ ಕೆಲಸ, ಅರ್ಧ ಕಾಲಿನ ಕೆಲಸ. ಒಂದು ಪಾದದಡಿ ಸೂಕ್ಷ್ಮದರ್ಶಕದ ಪೆಡಲು, ಇನ್ನೊಂದರಡಿ ಯಂತ್ರದ ಪೆಡಲು. ಯಂತ್ರದ ಪೆಡಲನ್ನು ಮೊದಲ ಮೆಟ್ಟಿಲಿಗೆ ಒತ್ತಿದರೆ ನೀರು, ಎರಡನೆಯದಕ್ಕೆ ಒತ್ತಿದರೆ ಹೀರುವಿಕೆ, ಮೂರಕ್ಕೆ ಇಳಿದರೆ ಪುಡಿಮಾಡುವ ಕಂಪನ. ಹಾರ್ಮೋನಿಯಂ ತಿದಿಯ ಹಾಗೆ ಹದ ತಿಳಿದು ಒತ್ತಬೇಕು; ನಮ್ಮಲ್ಲಿ ಎಷ್ಟೋ ಮಂದಿ ಹದ ಸಿಗಲೆಂದು ಬರಿಗಾಲಲ್ಲೇ ಒತ್ತುತ್ತಾರೆ. ಕಳೆದ ವರ್ಷ ಒಬ್ಬ ಹುಡುಗನ ಚಿತ್ರಗಳನ್ನು ಎಷ್ಟು ತಿರುಗಿಸಿದರೂ ಕಾರಣ ತಿಳಿಯಲಿಲ್ಲ. ಕೈ ಸರಿಯಾಗಿಯೇ ಇತ್ತು, ಚೂರುಗಳು ಮಾತ್ರ ಬೇಡದ ಹೊತ್ತಿನಲ್ಲಿ ಜಿಗಿಯುತ್ತಿದ್ದವು. ಮೇಜಿನ ಕೆಳಗೊಂದು ಕ್ಯಾಮೆರಾ ಹಾಕಿ ಎಂದು ನಮ್ಮ ತಂತ್ರಜ್ಞರಿಗೆ ಹೇಳಿದೆ. ಅವರು ನಕ್ಕರು. “ಪಾದದ ಸಿನಿಮಾ ಯಾರು ಸರ್ ನೋಡ್ತಾರೆ?” ಎಂದರು. ಆಮೇಲೆ ಎಲ್ಲಿಂದಲೋ ಒಂದು ಹಳೆಯ ಪುಟ್ಟ ಕ್ಯಾಮೆರಾ ಹುಡುಕಿ ತಂದು ಪ್ಲಾಸ್ಟಿಕ್ ಹೊದಿಸಿ ಕಟ್ಟಿದರು.

ಮರುದಿನ ಮಧ್ಯಾಹ್ನ ಪರದೆಯ ಬಲಗಡೆ ಕಣ್ಣು, ಎಡಗಡೆ ಪಾದ. ಹುಡುಗ ಬಲಗಾಲನ್ನು ಪೆಡಲಿನ ಮೇಲೆ ಊರಿರಲೇ ಇಲ್ಲ. ಹಿಮ್ಮಡಿ ಎತ್ತಿ, ಇಡೀ ಕಾಲನ್ನು ಗಾಳಿಯಲ್ಲಿ ಹಿಡಿದುಕೊಂಡು, ಪೆಡಲು ಕಚ್ಚುತ್ತದೇನೋ ಎಂಬಂತೆ ಬೆರಳ ತುದಿಯಿಂದ ಮುಟ್ಟುತ್ತಿದ್ದ; ಗಾಬರಿಯಾದಾಗ ಒಂದೇ ಸಲಕ್ಕೆ ಮೂರನೆಯ ಮೆಟ್ಟಿಲಿಗೆ ತುಳಿಯುತ್ತಿದ್ದ. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಮಾತ್ರ, ಯಾರಿಗೂ ಕಾಣದಂತೆ, ಕುರ್ಚಿಯ ಕೆಳಗೆ ತಮ್ಮ ತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು.